ಯಂತ್ರದೊಳಗೊಬ್ಬ ಮನುಷ್ಯ, ಮನುಷ್ಯನ ಹಿಂದೊಂದು ಯಂತ್ರ

ಮಾಸ್ತಿಯ ಹುಡುಗರಿಗೆ ಈಗ ಚೆಸ್ ಆಡಲು ಮಣೆಯೂ ಬೇಡ, ಜೊತೆಗಾರನೂ ಬೇಡ. ಮಾಲೂರಿನ ಬಸ್ಸು ತಡವಾದರೆ ಜೇಬಿನಿಂದ ಮೊಬೈಲು ತೆಗೆದು ಕಂಪ್ಯೂಟರ್ ಜೊತೆ ಒಂದಾಟ ಹಾಕುತ್ತಾರೆ. ಪಕ್ಕದಲ್ಲಿ ಟೀ ಹೀರುತ್ತ ಕೂತವರು ಇಣುಕಿ ನೋಡಿ ತಲೆಗೊಂದು ಮಾತು ಹೇಳುತ್ತಾರೆ. ಹೇಳುವವರಲ್ಲಿ ಚೆಸ್ ಬಲ್ಲವರೂ ಇದ್ದಾರೆ, ಕುದುರೆ ಹೇಗೆ ನಡೆಯುತ್ತದೆಂದು ತಿಳಿಯದವರೂ ಇದ್ದಾರೆ. ಆದರೆ ಯಂತ್ರ ಮತ್ತು ಮನುಷ್ಯನ ಈ ಜಿದ್ದಿನ ಬಗ್ಗೆ ಇಬ್ಬರ ಮಾತೂ ಹೆಚ್ಚುಕಡಿಮೆ ಒಂದೇ. ಅರ್ಧದಷ್ಟು ಹಳತಾಗಿ ಹೋದ ಸುದ್ದಿ, ಇನ್ನರ್ಧ ಮೊದಲಿನಿಂದಲೂ ತಪ್ಪು. ಪದೇ ಪದೇ ಕಿವಿಗೆ ಬೀಳುವ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

“ನಮ್ಮ ಹುಡುಗ ಕಂಪ್ಯೂಟರನ್ನೇ ಸೋಲಿಸ್ಬುಟ್ಟ”

ಸೋಲಿಸಿದ್ದು ನಿಜವೇ ಇರಬಹುದು. ಆದರೆ ಮೊಬೈಲಿನ ಆ್ಯಪ್‌ನಲ್ಲಿ ಹುಡುಗನ ಎದುರು ಕೂರುವುದು ಕಂಪ್ಯೂಟರಿನ ಪೂರ್ತಿ ಶಕ್ತಿಯಲ್ಲ. ಒಂದನೆಯ ಹಂತ, ಎರಡನೆಯ ಹಂತ ಎಂದು ಇಟ್ಟಿರುವುದೆಲ್ಲ ಬೇಕೆಂದೇ ಬಲ ತಗ್ಗಿಸಿದ ಆಟ. ಹೆಚ್ಚು ಯೋಚಿಸಲು ಬಿಡದಿರುವುದು, ಒಳ್ಳೆಯ ನಡೆ ಕಂಡಿದ್ದರೂ ಆಗಾಗ ಕೆಟ್ಟದ್ದನ್ನು ಆಡಿಸುವುದು, ಇವೇ ಬಲ ತಗ್ಗಿಸುವ ದಾರಿಗಳು. ಹೀಗಾಗಿ ಕೆಳಹಂತದ ಎಂಜಿನ್, ಅಂದರೆ ಚೆಸ್ ಆಡುವ ಪ್ರೋಗ್ರಾಮ್, ವಿಚಿತ್ರವಾಗಿ ಆಡುತ್ತದೆ: ಹತ್ತು ನಡೆ ಗ್ರ್ಯಾಂಡ್‌ಮಾಸ್ಟರ್ ಹಾಗೆ, ಹನ್ನೊಂದನೆಯದರಲ್ಲಿ ಮಂತ್ರಿಯನ್ನು ಸುಮ್ಮನೆ ಬಿಟ್ಟುಕೊಡುವುದು. ಮನುಷ್ಯ ಹಾಗೆ ತಪ್ಪುವುದಿಲ್ಲ. ಅವನ ತಪ್ಪಿಗೆ ಆಸೆ, ಹೆದರಿಕೆ, ಅವಸರ ಹೀಗೆ ಏನಾದರೊಂದು ಕಾರಣ ಇರುತ್ತದೆ. ಕೆಳಹಂತದ ಎಂಜಿನ್ನನ್ನೇ ಸೋಲಿಸಿ ಸೋಲಿಸಿ ಅಭ್ಯಾಸವಾದ ಮಕ್ಕಳು ತಾಲ್ಲೂಕು ಮಟ್ಟದ ಟೂರ್ನಿಗೆ ಹೋದಾಗ ಎದುರಿನ ಹುಡುಗಿ ಮಂತ್ರಿಯನ್ನು ಯಾವಾಗ ಬಿಟ್ಟುಕೊಡುತ್ತಾಳೆಂದು ಕಾಯುತ್ತ ಕೂತು ಸೋಲುತ್ತಾರೆ.

“ಅದು ಎಲ್ಲಾ ನಡೇನೂ ಮೊದಲೇ ನೋಡ್ಬುಡ್ತೈತೆ, ಅದಕ್ಕೇ ಗೆಲ್ತೈತೆ”

ಇದು ಎಲ್ಲಕ್ಕಿಂತ ಆಳಕ್ಕೆ ಇಳಿದಿರುವ ತಪ್ಪು ಕಲ್ಪನೆ. ಲೆಕ್ಕ ಹಾಕಿ ನೋಡಿ. ಆಟ ಶುರುವಾದಾಗ ಬಿಳಿಗೆ 20 ನಡೆಗಳಿವೆ: ಎಂಟು ಕಾಲಾಳುಗಳಿಗೆ ಎರಡೆರಡರಂತೆ 16, ಎರಡು ಕುದುರೆಗಳಿಗೆ ನಾಲ್ಕು. ಕಪ್ಪಿಗೂ ಅಷ್ಟೇ. ಇಬ್ಬರೂ ಒಂದೊಂದು ನಡೆ ಆಡಿ ಮುಗಿಸುವಷ್ಟರಲ್ಲಿ 400 ದಾರಿಗಳಾದವು. ಬಿಳಿ ಇನ್ನೊಂದು ನಡೆ ಆಡಿದರೆ 8,902. ಕಪ್ಪಿನ ಉತ್ತರ ಸೇರಿದರೆ 1,97,281. ಮುಂದಿನ ನಡೆಗೆ 48,65,609. ಅದರ ಮುಂದಿನದಕ್ಕೆ 11,90,60,324. ಇಬ್ಬರೂ ಆಡಿದ್ದು ಬರೀ ಮೂರು ಮೂರು ನಡೆ, ದಾರಿಗಳು ಆಗಲೇ ಹನ್ನೆರಡು ಕೋಟಿಯ ಹತ್ತಿರ. ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1950ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಸಾಮಾನ್ಯ ಉದ್ದದ ಚೆಸ್ ಆಟ ಸಾಗಬಹುದಾದ ದಾರಿಗಳನ್ನು ಅಂದಾಜು ಮಾಡಿ, ಒಂದರ ಮುಂದೆ 120 ಸೊನ್ನೆ ಎಂದರು. ಇದನ್ನೆಲ್ಲ ನೋಡಿ ಮುಗಿಸುವ ಯಂತ್ರ ಇಂದಿಗೂ ಇಲ್ಲ, ಮುಂದೆಯೂ ಬರುವಂತೆ ಕಾಣುವುದಿಲ್ಲ.

ಹಾಗಾದರೆ ಅದು ಮಾಡುವುದೇನು? ಬಿಡುವುದು. ಎಂಜಿನ್ನಿನ ಜಾಣತನವೆಲ್ಲ ಯಾವುದನ್ನು ನೋಡಬೇಕಾಗಿಲ್ಲ ಎಂದು ತೀರ್ಮಾನಿಸುವುದರಲ್ಲಿದೆ. ಸಂತೆಯಲ್ಲಿ ಒಂದು ಹಸು ನೋಡಿ, ಪರವಾಗಿಲ್ಲ, ಈ ಬೆಲೆಗೆ ಇದು ಸಿಗುತ್ತದೆ ಎಂದು ಮನಸ್ಸಿನಲ್ಲಿಟ್ಟುಕೊಂಡ ರೈತ ಇನ್ನೊಂದು ಹಸುವಿನ ಬಾಯಿ ಬಿಡಿಸುತ್ತಾನೆ. ಹಲ್ಲು ಸವೆದಿದ್ದರೆ ಅಲ್ಲಿಗೆ ಮುಗಿಯಿತು. ಅದರ ಕೆಚ್ಚಲು, ಸುಳಿ, ನಡಿಗೆ ಎಂದು ನೋಡುತ್ತ ನಿಲ್ಲುವುದಿಲ್ಲ. ಮೊದಲಿನದಕ್ಕಿಂತ ಕೆಟ್ಟದ್ದು ಎಂದು ಗೊತ್ತಾಗಲು ಒಂದು ದೋಷ ಸಾಕು, ಎಷ್ಟು ಕೆಟ್ಟದ್ದು ಎಂದು ತಿಳಿಯಬೇಕಾಗಿಲ್ಲ. ಆಲ್ಫಾ-ಬೀಟಾ ಎಂದು ಕಂಪ್ಯೂಟರಿನವರು ಕರೆಯುವ ವಿಧಾನ ಇಷ್ಟೇ. ಒಂದು ನಡೆಗೆ ಎದುರಾಳಿಯ ಬಳಿ ಒಂದು ಬಲವಾದ ಉತ್ತರ ಸಿಕ್ಕಿತೆಂದರೆ ಆ ಕೊಂಬೆಯನ್ನೇ ಕತ್ತರಿಸಿ ಮುಂದಕ್ಕೆ ಹೋಗುವುದು. ಉಳಿದ ಕೊಂಬೆಗಳಲ್ಲಿ ಸಾಧ್ಯವಾದಷ್ಟು ದೂರ ಹೋಗಿ, ಅಲ್ಲಿ ನಿಂತು, ಮಣೆಯ ಸ್ಥಿತಿಗೆ ಒಂದು ಅಂಕ ಹಾಕುವುದು. ಕಾಲಾಳಿಗೆ 1, ಕುದುರೆಗೂ ಒಂಟೆಗೂ 3, ಆನೆಗೆ 5, ಮಂತ್ರಿಗೆ 9 ಎಂದು ನಮ್ಮ ಮೇಷ್ಟ್ರುಗಳು ಹೇಳಿಕೊಡುವ ಲೆಕ್ಕವೇ ಅದಕ್ಕೂ ಬುನಾದಿಯಾಗಿತ್ತು. ರಾಜನ ಸುತ್ತಿನ ಭದ್ರತೆ, ಕಾಲಾಳುಗಳ ಸಾಲು, ಕಾಯಿಗಳಿಗೆ ಇರುವ ಓಡಾಟದ ಜಾಗ ಎಲ್ಲಕ್ಕೂ ಅಂಕ ಸೇರಿಸಿದವರು ಮನುಷ್ಯರು.

ಪೂರ್ತಿಯಾಗಿ ನೋಡಿ ಮುಗಿಸಿರುವುದು ಆಟದ ಬಾಲವನ್ನು ಮಾತ್ರ. ಎರಡೂ ಕಡೆಯ ರಾಜರನ್ನು ಸೇರಿಸಿ ಮಣೆಯ ಮೇಲೆ ಏಳು ಕಾಯಿ ಉಳಿದಿದ್ದರೆ, ಯಾರು ಗೆಲ್ಲಬೇಕು, ಎಷ್ಟು ನಡೆಯಲ್ಲಿ ಎಂಬುದು 2012ರಲ್ಲಿ ಮಾಸ್ಕೋದ ಲೊಮೊನೊಸೊವ್ ಸೂಪರ್ ಕಂಪ್ಯೂಟರ್ ಹಾಕಿದ ಲೆಕ್ಕದಿಂದ ಗೊತ್ತಾಗಿದೆ. ಅದರಲ್ಲಿ ಒಂದು ಸ್ಥಿತಿಗೆ ಗೆಲ್ಲಲು 549 ನಡೆ ಬೇಕು. ಆ ನಡೆಗಳನ್ನು ಗ್ರ್ಯಾಂಡ್‌ಮಾಸ್ಟರ್‌ಗಳಿಗೆ ತೋರಿಸಿದರೂ ಯಾಕೆ ಹಾಗೆ ಆಡಬೇಕೆಂದು ಹೇಳಲಾಗುವುದಿಲ್ಲ. ಮಣೆ ತುಂಬಿದಾಗ ಇರುವುದು 32 ಕಾಯಿ. ಏಳರಿಂದ ಮೂವತ್ತೆರಡಕ್ಕೆ ದಾರಿ ಎಷ್ಟು ದೂರವೆಂದು ನೀವೇ ಊಹಿಸಿ.

“1997ರಲ್ಲಿ ಯಂತ್ರ ಒಂದೇ ಏಟಿಗೆ ಕಾಸ್ಪರೋವ್‌ನನ್ನು ಮುಗಿಸಿತು”

ಪತ್ರಿಕೆಯ ತಲೆಬರಹ ಓದಿದವರಿಗೆ ಹಾಗೆ ಅನಿಸುವುದು ಸಹಜ. ಒಂದೇ ಏಟು ಎಂಬುದು ಮಾತ್ರ ಸುಳ್ಳು. 1989ರಲ್ಲಿ ಡೀಪ್ ಥಾಟ್ ಎಂಬ ಯಂತ್ರ ಅಂದಿನ ವಿಶ್ವ ಚಾಂಪಿಯನ್ ಕಾಸ್ಪರೋವ್ ಎದುರು ಎರಡಕ್ಕೆ ಎರಡೂ ಆಟ ಸೋತಿತ್ತು. ಆ ಯಂತ್ರ ಕಟ್ಟಿದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹುಡುಗರಲ್ಲಿ ಥಾಮಸ್ ಅನಂತರಾಮನ್ ಎಂಬ ಭಾರತೀಯ ಮೂಲದವರೂ ಇದ್ದರು ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ತಂಡ ಐಬಿಎಂಗೆ ಸೇರಿ, ಯಂತ್ರ ಡೀಪ್ ಬ್ಲೂ ಎಂದು ಹೆಸರು ಬದಲಿಸಿಕೊಂಡು, 1996ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಮತ್ತೆ ಎದುರಾಯಿತು. ಮೊದಲ ಆಟ ಯಂತ್ರ ಗೆದ್ದಿತು, ಪಂದ್ಯ ಕಾಸ್ಪರೋವ್ 4–2ರಿಂದ ಗೆದ್ದರು. ಮರುವರ್ಷ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಮೂರನೆಯ ಸುತ್ತು. ಆಗ ಅದು ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ನೋಡುತ್ತಿತ್ತು. ಚೆಸ್‌ಗೆಂದೇ ಮಾಡಿಸಿದ 480 ಚಿಪ್ಪುಗಳು ಅದರಲ್ಲಿದ್ದವು.

ಆ ಆರು ಆಟಗಳಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಿದರೆ ಯಂತ್ರಕ್ಕಿಂತ ಮನುಷ್ಯನೇ ಹೆಚ್ಚು ಕಾಣುತ್ತಾನೆ. ಮೊದಲ ಆಟ ಕಾಸ್ಪರೋವ್ ಗೆದ್ದರು. ಅದರ ಕೊನೆಯಲ್ಲಿ, 44ನೆಯ ನಡೆಯಲ್ಲಿ, ಡೀಪ್ ಬ್ಲೂ ತನ್ನ ಆನೆಯನ್ನು ಯಾವ ಅರ್ಥವೂ ಕಾಣದ ಮನೆಗೆ ಸರಿಸಿತು. ಅದು ಪ್ರೋಗ್ರಾಮಿನ ದೋಷ. ತೀರ್ಮಾನಕ್ಕೆ ಬರಲಾಗದೆ ಯಂತ್ರ ಕೈಗೆ ಸಿಕ್ಕ ನಡೆಯೊಂದನ್ನು ಆಡಿಬಿಟ್ಟಿತ್ತು. ತಂಡದ ಮರ್ರಿ ಕ್ಯಾಂಪ್‌ಬೆಲ್ ಇದನ್ನು ಹೇಳಿಕೊಂಡದ್ದು ಎಷ್ಟೋ ವರ್ಷಗಳ ನಂತರ, ನೇಟ್ ಸಿಲ್ವರ್ 2012ರಲ್ಲಿ ತಂದ ಪುಸ್ತಕಕ್ಕಾಗಿ. ಎದುರಿಗೆ ಕೂತವರಿಗೆ ಅಂದು ಇದು ಹೇಗೆ ಗೊತ್ತಾಗಬೇಕು? ಇಷ್ಟು ಆಳಕ್ಕೆ ನೋಡುವ ಯಂತ್ರ ಸುಮ್ಮನೆ ಹಾಗೆ ಆಡೀತೇ ಎಂಬ ಹುಳ ತಲೆಯೊಳಗೆ ಹೊಕ್ಕಿತು.

ಎರಡನೆಯ ಆಟದಲ್ಲಿ ಯಂತ್ರ ಕಾಲಾಳು ಕಬಳಿಸುವ ಆಸೆ ಬಿಟ್ಟು, ಅವಸರವಿಲ್ಲದೆ, ಹಳೆಯ ಉಸ್ತಾದರಂತೆ ಉಸಿರು ಕಟ್ಟಿಸುವ ಆಟ ಆಡಿತು. ಕಾಸ್ಪರೋವ್ 45ನೆಯ ನಡೆಯ ನಂತರ ಸೋಲೊಪ್ಪಿಕೊಂಡು ಎದ್ದರು. ಮರುದಿನವೇ ವಿಶ್ಲೇಷಕರು ಮಣೆಯ ಮುಂದೆ ಕೂತು, ಮಂತ್ರಿಯನ್ನು ಒಳಗೆ ನುಗ್ಗಿಸಿ ಚೆಕ್ ಮೇಲೆ ಚೆಕ್ ಕೊಟ್ಟು ಡ್ರಾ ಮಾಡಿಕೊಳ್ಳುವ ದಾರಿಯಿತ್ತು ಎಂದು ತೋರಿಸಿದರು. ಡ್ರಾ ಆಗಬಹುದಾಗಿದ್ದ ಆಟವನ್ನು ಕೈಬಿಟ್ಟರೆಂಬ ಸುದ್ದಿ ಸೋಲಿಗಿಂತ ಹೆಚ್ಚಾಗಿ ಅವರನ್ನು ಕುಗ್ಗಿಸಿತು. ಯಂತ್ರ ನೋಡಿದ್ದನ್ನು ನಾನು ನೋಡಲಾರೆ ಎಂಬ ಭಯ ಇಲ್ಲದಿದ್ದರೆ ಅಂಥ ಆಟಗಾರ ಹಾಗೆ ಎದ್ದುಬಿಡುತ್ತಿರಲಿಲ್ಲವೆಂದೇ ನನಗನ್ನಿಸುತ್ತದೆ. ಮುಂದಿನ ಮೂರು ಆಟ ಡ್ರಾ. ಮೇ 11ರ ಕೊನೆಯ ಆಟದಲ್ಲಿ ಅವರು ಕಾರೋ-ಕಾನ್ ರಕ್ಷಣೆ ಆಡುತ್ತ ಏಳನೆಯ ನಡೆಯಲ್ಲೇ ಅಂಚಿನ ಕಾಲಾಳನ್ನು ಒಂದು ಮನೆ ಮುಂದಕ್ಕೆ ತಳ್ಳಿದರು. ಡೀಪ್ ಬ್ಲೂ ಕೂಡಲೇ ಕುದುರೆಯನ್ನು ಬಲಿಕೊಟ್ಟು ಅವರ ರಾಜನನ್ನು ಬಯಲಿಗೆಳೆಯಿತು. 19 ನಡೆಗೆ ಆಟ ಮುಗಿಯಿತು, ಪಂದ್ಯ 3.5–2.5.

ಆ ಕುದುರೆಯ ಬಲಿ ಯಂತ್ರ ಲೆಕ್ಕ ಹಾಕಿ ಕಂಡುಕೊಂಡದ್ದಲ್ಲ. ಮನುಷ್ಯರು ತುಂಬಿಸಿಟ್ಟ ಆರಂಭದ ನಡೆಗಳ ಪಟ್ಟಿಯಿಂದ ಎತ್ತಿಕೊಂಡದ್ದು. ಆ ಪಟ್ಟಿಯ ಹಿಂದೆ ಜೋಯಲ್ ಬೆಂಜಮಿನ್, ಮಿಗೆಲ್ ಇಯೆಸ್ಕಾಸ್ ಮೊದಲಾದ ಗ್ರ್ಯಾಂಡ್‌ಮಾಸ್ಟರ್‌ಗಳ ದುಡಿಮೆಯಿತ್ತು. ಒಂದು ಆಟಕ್ಕೂ ಇನ್ನೊಂದಕ್ಕೂ ನಡುವೆ ಪ್ರೋಗ್ರಾಮನ್ನು ತಿದ್ದಲು ಪಂದ್ಯದ ನಿಯಮದಲ್ಲೇ ಅವಕಾಶವಿತ್ತು. ಮಣೆಯ ಆಚೆಬದಿಯಲ್ಲಿ ಕೂತು, ಪರದೆ ನೋಡಿ, ಕಾಯಿ ಎತ್ತಿಡುತ್ತಿದ್ದವರೂ ತಂಡದವರೇ, ಬಹಳ ಸಲ ಯಂತ್ರದ ಮೂಲಪುರುಷ ಫೆಂಗ್ ಶಿಯುಂಗ್ ಶೂ. ಕಾಸ್ಪರೋವ್ ಒಬ್ಬರೇ ಕೂತಿದ್ದರು, ಎದುರಿಗೆ ಒಂದು ದೊಡ್ಡ ತಂಡ ಕೂತಿತ್ತು. ಇದನ್ನು ಮೋಸವೆಂದು ಅವರು ಆಗ ಸೂಚಿಸಿದ್ದು ಸರಿಯಲ್ಲ; ಅದಕ್ಕೆ ಪುರಾವೆ ಸಿಗಲಿಲ್ಲ, ಮುಂದೆ ಅವರೂ ಆ ಮಾತನ್ನು ಕೈಬಿಟ್ಟರು. ಇನ್ನೊಂದು ಪಂದ್ಯ ಬೇಕೆಂದು ಕೇಳಿದಾಗ ಐಬಿಎಂ ಒಪ್ಪಲಿಲ್ಲ. ಯಂತ್ರವನ್ನು ಕಳಚಿ ಅದರ ಭಾಗಗಳನ್ನು ಮ್ಯೂಸಿಯಮ್ಮಿಗೆ ಕೊಟ್ಟರು. ಗೆದ್ದ ಕೂಡಲೇ ಅಖಾಡ ಬಿಟ್ಟವರನ್ನು ನಮ್ಮ ಕಡೆ ಯಾರೂ ಪೈಲ್ವಾನ್ ಎನ್ನುವುದಿಲ್ಲ.

“ಆನಂದ್ ಮನಸ್ಸು ಮಾಡಿದ್ರೆ ಈಗ್ಲೂ ಹೊಡೀತಾರೆ”

ಅಭಿಮಾನಕ್ಕೆ ಬೆಲೆ ಕೊಡೋಣ, ಆದರೆ ಆ ಕಾಲ ಮುಗಿದು ಇಪ್ಪತ್ತು ವರ್ಷವಾಯಿತು. 1998ರ ಜುಲೈಯಲ್ಲಿ ಇಟಲಿಯ ಇಸ್ಕಿಯಾದಲ್ಲಿ ವಿಶ್ವನಾಥನ್ ಆನಂದ್ ರೆಬೆಲ್ 10 ಎಂಬ ಪ್ರೋಗ್ರಾಮಿನ ಎದುರು ಆಡಿದ ಎಂಟು ಆಟಗಳು ಆ ಕಾಲದ ನಿಜಸ್ಥಿತಿಯನ್ನು ಚೆನ್ನಾಗಿ ಹೇಳುತ್ತವೆ. ರೆಬೆಲ್ ಓಡುತ್ತಿದ್ದುದು ಸೂಪರ್ ಕಂಪ್ಯೂಟರಿನಲ್ಲಲ್ಲ, ಅಂಗಡಿಯಲ್ಲಿ ಸಿಗುವ ಪಿಸಿಯಲ್ಲಿ. ಐದೈದು ನಿಮಿಷದ ಬ್ಲಿಟ್ಜ್ ಆಟಗಳಲ್ಲಿ ಯಂತ್ರ 3–1ರಿಂದ ಗೆದ್ದಿತು. ಸ್ವಲ್ಪ ಹೆಚ್ಚು ಸಮಯದ ಎರಡು ಆಟಗಳಲ್ಲೂ ಯಂತ್ರವೇ ಮುಂದು. ಗಂಟೆಗಟ್ಟಲೆ ಯೋಚಿಸಲು ಬಿಟ್ಟ ಎರಡು ಆಟಗಳಲ್ಲಿ ಮಾತ್ರ ಆನಂದ್ 1.5–0.5ರಿಂದ ಮೇಲಾದರು. ಒಟ್ಟು 5–3, ಯಂತ್ರದ ಪರ. ಅಂದರೆ ಅವಸರದಲ್ಲಿ ಯಂತ್ರ ಮುಂದು, ನಿಧಾನದಲ್ಲಿ ಮನುಷ್ಯ ಮುಂದು.

ಆ ನಿಧಾನದ ಆಸರೆಯೂ ಹೆಚ್ಚು ಕಾಲ ಉಳಿಯಲಿಲ್ಲ. 2003ರಲ್ಲಿ ಕಾಸ್ಪರೋವ್ ನ್ಯೂಯಾರ್ಕಿನಲ್ಲಿ ಫ್ರಿಟ್ಜ್ ಪ್ರೋಗ್ರಾಮಿನ ಎದುರು ಕಾಲಾಳುಗಳನ್ನೆಲ್ಲ ಗೋಡೆಯಂತೆ ಬಿಗಿದು ಮಣೆಯನ್ನೇ ಮುಚ್ಚಿಬಿಟ್ಟಾಗ ಯಂತ್ರ ದಿಕ್ಕು ತಪ್ಪಿ ಕಾಯಿಗಳನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಆ ಆಟ ಸೋತಿತು, ಪಂದ್ಯ ಮಾತ್ರ 2–2ರಿಂದ ಸಮವಾಯಿತು. 2005ರಲ್ಲಿ ಲಂಡನ್ನಿನಲ್ಲಿ ಹೈಡ್ರಾ ಎಂಬ ಯಂತ್ರ ಜಗತ್ತಿನ ಅಗ್ರ ಆಟಗಾರರಲ್ಲಿ ಒಬ್ಬರಾದ ಮೈಕೆಲ್ ಆ್ಯಡಮ್ಸ್ ಅವರನ್ನು 5.5–0.5ರಿಂದ ಬಡಿಯಿತು.

2006ರ ನವೆಂಬರ್‌ನಲ್ಲಿ ಜರ್ಮನಿಯ ಬಾನ್‌ನಲ್ಲಿ ವಿಶ್ವ ಚಾಂಪಿಯನ್ ವ್ಲಾಡಿಮಿರ್ ಕ್ರಾಮ್ನಿಕ್ ಡೀಪ್ ಫ್ರಿಟ್ಜ್ ಎದುರು ಆಡಿದ ಎರಡನೆಯ ಆಟವನ್ನು ಮರೆಯುವಂತಿಲ್ಲ. ಕಪ್ಪು ಕಾಯಿಯ ಕ್ರಾಮ್ನಿಕ್ ಚೆನ್ನಾಗಿಯೇ ಆಡಿದ್ದರು. 34ನೆಯ ನಡೆಯಲ್ಲಿ ಮಂತ್ರಿಯನ್ನು ಮುಂದಕ್ಕೆ ಸರಿಸಿ, ಶಾಂತವಾಗಿ ಎದ್ದು, ತಮ್ಮ ಕಪ್ ಕೈಗೆತ್ತಿಕೊಂಡು ವಿಶ್ರಾಂತಿ ಕೋಣೆಯ ಕಡೆಗೆ ಹೊರಟರು. ಯಂತ್ರದ ಪರವಾಗಿ ಕಾಯಿ ನಡೆಸುತ್ತಿದ್ದಾತ ಬಿಳಿಯ ಮಂತ್ರಿಯನ್ನು ಅವರ ರಾಜನ ಪಕ್ಕಕ್ಕೆ ಇಟ್ಟ. ಒಂದೇ ನಡೆಗೆ ಚೆಕ್‌ಮೇಟ್. ನಮ್ಮ ಶಾಲೆಯ ಮಕ್ಕಳೂ ನೋಡಬಹುದಾದ ಮೇಟ್ ಅವರಿಗೆ ಕಾಣದಿದ್ದುದಕ್ಕೂ ಕಾರಣವಿದೆ: ಆ ಮಂತ್ರಿಗೆ ಬೆಂಬಲವಾಗಿ ನಿಂತಿದ್ದ ಬಿಳಿಯ ಕುದುರೆ ಇದ್ದದ್ದು ಕಪ್ಪಿನ ಕೊನೆಯ ಸಾಲಿನ ಮೂಲೆಯ ಕಡೆ. ಕುದುರೆ ಅಲ್ಲಿಂದ ಹಿಂದಕ್ಕೆ ನೋಡಿ ಮೇಟ್ ಮಾಡಿಸುವುದು ಆಟದಲ್ಲಿ ಬಹಳ ಅಪರೂಪ. ಸಾವಿರಾರು ಆಟಗಳಲ್ಲಿ ಕಂಡ ಚಿತ್ರಗಳ ಮೂಲಕ ನೋಡುವುದು ಮನುಷ್ಯನ ಕಣ್ಣು. ಆ ಚಿತ್ರಗಳಲ್ಲಿ ಇಲ್ಲದ್ದು ಎದುರಿಗಿದ್ದರೂ ಕಾಣುವುದಿಲ್ಲ. ಯಂತ್ರಕ್ಕೆ ಅಪರೂಪವೂ ಒಂದೇ, ಸಾಮಾನ್ಯವೂ ಒಂದೇ. ಪಂದ್ಯ 4–2ರಿಂದ ಹೋಯಿತು.

2009ರಲ್ಲಿ ಬ್ಯೂನಸ್ ಐರಿಸ್‌ನ ಟೂರ್ನಿಯೊಂದರಲ್ಲಿ ಪಾಕೆಟ್ ಫ್ರಿಟ್ಜ್ ಎಂಬ ಪ್ರೋಗ್ರಾಮ್ ಮೊಬೈಲ್ ಫೋನಿನಲ್ಲೇ ಓಡಿ ಹತ್ತರಲ್ಲಿ 9.5 ಅಂಕ ಗಳಿಸಿತು. ಅಲ್ಲಿಗೆ ವಾದ ಮುಗಿಯಿತು. ಇತ್ತೀಚೆಗೆ ಇಂಥ ಪಂದ್ಯ ನಡೆದರೂ ಯಂತ್ರ ಮೊದಲೇ ಕಾಲಾಳನ್ನೋ ಇನ್ನೇನನ್ನೋ ಬಿಟ್ಟುಕೊಟ್ಟು ಆಡಬೇಕು. 2016ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಹಿಕಾರು ನಾಕಮುರ ಅಂಥ ರಿಯಾಯಿತಿ ಇಟ್ಟುಕೊಂಡೂ ಕೊಮೊಡೊ ಎಂಬ ಎಂಜಿನ್ ಎದುರು 1.5–2.5ರಿಂದ ಸೋತರು.

“ಆಲ್ಫಾಝೀರೋ ನಾಲ್ಕೇ ಗಂಟೆಯಲ್ಲಿ ತಾನಾಗೇ ಎಲ್ಲಾ ಕಲಿತುಕೊಂಡಿತು”

2017ರ ಡಿಸೆಂಬರ್‌ನಲ್ಲಿ ಗೂಗಲ್‌ನ ಡೀಪ್‌ಮೈಂಡ್ ತನ್ನ ಆಲ್ಫಾಝೀರೋ ಪ್ರೋಗ್ರಾಮಿನ ಬಗ್ಗೆ ಈ ಸುದ್ದಿ ಕೊಟ್ಟಾಗ ಜಗತ್ತೇ ಬೆರಗಾಯಿತು. ಆಟದ ನಿಯಮಗಳನ್ನಷ್ಟೇ ಹೇಳಿಕೊಟ್ಟು ತನ್ನೊಂದಿಗೆ ತಾನೇ ಆಡಿಕೊಳ್ಳಲು ಬಿಟ್ಟದ್ದು ನಿಜ. ಮನುಷ್ಯರ ಆಟಗಳನ್ನು ಅದು ನೋಡಿರಲಿಲ್ಲ ಎಂಬುದೂ ನಿಜ. ಸ್ಟಾಕ್‌ಫಿಶ್ 8 ಎಂಬ ಎಂಜಿನ್ ಎದುರು 100 ಆಟಗಳಲ್ಲಿ 28 ಗೆದ್ದು 72 ಡ್ರಾ ಮಾಡಿಕೊಂಡು ಒಂದನ್ನೂ ಸೋಲಲಿಲ್ಲ. ಅನುಮಾನ ಬರಬೇಕಾದ್ದು ‘ನಾಲ್ಕು ಗಂಟೆ’ಯ ಮೇಲೆ. ಆ ಹೊತ್ತಿನಲ್ಲಿ ಆಟಗಳನ್ನು ಆಡಿಸುತ್ತಿದ್ದುದು ಗೂಗಲ್ ತನಗೆಂದೇ ಮಾಡಿಸಿಕೊಂಡ 5,000 ಚಿಪ್ಪುಗಳು. ಒಂದೇ ಚಿಪ್ಪಿಗೆ ಆ ಕೆಲಸ ವಹಿಸಿದ್ದರೆ ಎರಡು ವರ್ಷಕ್ಕೂ ಮೇಲೆ ಬೇಕಾಗುತ್ತಿತ್ತು. ಪೂರ್ತಿ ತರಬೇತಿಯಲ್ಲಿ ಅದು ಆಡಿಕೊಂಡದ್ದು 4 ಕೋಟಿ 40 ಲಕ್ಷ ಆಟ. ಸ್ಟಾಕ್‌ಫಿಶ್‌ಗೆ ಕೊಟ್ಟ ಸಮಯ, ಮೆಮೊರಿ ಸರಿಯಿರಲಿಲ್ಲ ಎಂಬ ತಕರಾರೂ ಎದ್ದಿತು. ಮರುವರ್ಷ ಬೇರೆ ಷರತ್ತಿನಲ್ಲಿ 1,000 ಆಟ ಆಡಿಸಿದಾಗಲೂ ಆಲ್ಫಾಝೀರೋ 155 ಗೆದ್ದು 6 ಸೋತಿತು. ಹಾಗಾಗಿ ಗೆಲುವಿನ ಬಗ್ಗೆ ಅನುಮಾನವಿಲ್ಲ.

ನಿಜವಾದ ಬೆರಗು ಬೇರೆ ಇದೆ. ಸ್ಟಾಕ್‌ಫಿಶ್ ಸೆಕೆಂಡಿಗೆ 7 ಕೋಟಿ ಸ್ಥಿತಿ ನೋಡಿದರೆ ಆಲ್ಫಾಝೀರೋ ನೋಡಿದ್ದು 80,000 ಮಾತ್ರ. ಕಡಿಮೆ ನೋಡಿ ಚೆನ್ನಾಗಿ ತೂಗುವ ಈ ವಿದ್ಯೆಯನ್ನು ಮಿಕ್ಕವರೂ ಬೇಗ ಕಲಿತರು. 2020ರಲ್ಲಿ ಸ್ಟಾಕ್‌ಫಿಶ್ 12 ಬಂದಾಗ ಅದರೊಳಗೂ ಆಟಗಳಿಂದ ಕಲಿತು ಸ್ಥಿತಿಯನ್ನು ತೂಗುವ ಒಂದು ನರಜಾಲ (ನ್ಯೂರಲ್ ನೆಟ್‌ವರ್ಕ್) ಸೇರಿತ್ತು; ಯು ನಾಸು ಎಂಬವರು ಜಪಾನಿನ ಶೋಗಿ ಆಟಕ್ಕೆಂದು ಮಾಡಿದ್ದ ಉಪಾಯ ಅದು. ಸ್ಟಾಕ್‌ಫಿಶ್ ಪುಕ್ಕಟೆ. ಕಾಸ್ಪರೋವ್ ಎದುರು ಕೂತ ಯಂತ್ರವನ್ನು ಚಿಂದಿ ಮಾಡಬಲ್ಲ ಎಂಜಿನ್ ಇವತ್ತು ನಮ್ಮೂರ ಹುಡುಗನ ಜೇಬಿನಲ್ಲಿದೆ, ಬ್ಯಾಟರಿ ಮುಗಿಯುವವರೆಗೆ.

“ಕಂಪ್ಯೂಟರ್ ಬಂದ್ಮೇಲೆ ಚೆಸ್ ಸತ್ತೋಯ್ತು”

ಇದಕ್ಕೆ ಹೆಚ್ಚು ಮಾತು ಬೇಡ. ಡೀಪ್ ಬ್ಲೂ ಗೆದ್ದ ಹೊತ್ತಿಗೆ ಭಾರತದಲ್ಲಿದ್ದ ಗ್ರ್ಯಾಂಡ್‌ಮಾಸ್ಟರ್‌ಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಕಿತ್ತು. ಈಗ ಎಂಬತ್ತು ದಾಟಿದ್ದಾರೆ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದೇ 2017ರಲ್ಲಿ, ಮೈಸೂರಿನ ಎಂ. ಎಸ್. ತೇಜ್‌ಕುಮಾರ್. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ದೇಶದ 76ನೆಯವರಾದರು, ಜೊತೆಗೆ 16 ವರ್ಷದೊಳಗಿನವರ ವಿಶ್ವ ಪ್ರಶಸ್ತಿಯನ್ನೂ ತಂದರು. ಇವರೆಲ್ಲ ಯಂತ್ರ ಗೆದ್ದ ಮೇಲೆ ಬೆಳೆದವರು.

“ಚೆಸ್ ಆಡೋ ಯಂತ್ರ ಅಂದ್ರೆ ಹೊಸ ಕಾಲದ್ದು”

ಯಂತ್ರ ಚೆಸ್ ಆಡುತ್ತದೆಂಬ ಬೆರಗು ಕಂಪ್ಯೂಟರಿಗಿಂತ ಬಹಳ ಹಳೆಯದು. 1770ರಲ್ಲಿ ವಿಯೆನ್ನಾದ ಅರಮನೆಯಲ್ಲಿ ವೊಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ತುರ್ಕಿಯ ವೇಷದ ಗೊಂಬೆಯೊಂದನ್ನು ಪೆಟ್ಟಿಗೆಯ ಹಿಂದೆ ಕೂರಿಸಿ ಪ್ರದರ್ಶಿಸಿದ. ಆಟಕ್ಕೆ ಮುಂಚೆ ಪೆಟ್ಟಿಗೆಯ ಬಾಗಿಲುಗಳನ್ನು ಒಂದೊಂದಾಗಿ ತೆರೆದು ಒಳಗಿನ ಹಲ್ಲುಚಕ್ರಗಳನ್ನು ತೋರಿಸುತ್ತಿದ್ದ. ಒಳಗೆ ಒಬ್ಬ ನುರಿತ ಆಟಗಾರ ಜಾರುವ ಪೀಠದ ಮೇಲೆ ಅತ್ತಿತ್ತ ಸರಿದು ಬಚ್ಚಿಟ್ಟುಕೊಳ್ಳುತ್ತಿದ್ದ. ಮೋಂಬತ್ತಿಯ ಬೆಳಕಿನಲ್ಲಿ ಆಡುತ್ತಿದ್ದ. ಆ ಹೊಗೆ ಗೊಂಬೆಯ ಮೂಲಕ ಮೇಲೆ ಹೋಗುವುದು ಗೊತ್ತಾಗದಿರಲೆಂದು ಪೆಟ್ಟಿಗೆಯ ಮೇಲೂ ಮೋಂಬತ್ತಿ ಹಚ್ಚಿಡುತ್ತಿದ್ದರು. 1809ರಲ್ಲಿ ನೆಪೋಲಿಯನ್ ಅದರೆದುರು ಕೂತು ಸೋತ. ಊರೂರು ಸುತ್ತಿ ಅಮೆರಿಕ ಸೇರಿ, 1854ರಲ್ಲಿ ಬೆಂಕಿಗೆ ಆಹುತಿಯಾಗಿದ್ದು ಫಿಲಡೆಲ್ಫಿಯಾದಲ್ಲಿ. ಕಾಸ್ಪರೋವ್ ಡೀಪ್ ಬ್ಲೂ ಎದುರು ಮೊದಲು ಕೂತದ್ದೂ ಅದೇ ಊರಿನಲ್ಲಿ.

ಆ ಗೊಂಬೆ ಊರೂರು ಸುತ್ತುತ್ತಿದ್ದ ಕಾಲದಲ್ಲಿ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಯಾವ ಯಂತ್ರದ ಹಂಗೂ ಇಲ್ಲದೆ ಮಣೆಯ ಮುಂದೆ ಕೂತಿದ್ದರು. ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ಹಾಯಿಸುವ ಬಂಧಗಳನ್ನು ಅವರು ರಚಿಸಿದರು. ಹಾಯ್ದ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕುತ್ತ ಹೋದರೆ ಯಾವ ಸಾಲು ಕೂಡಿದರೂ 260 ಬರುವಂಥದ್ದೂ ಅದರಲ್ಲಿದೆ. ಅವರ ಕಾಲದ ಆಟದ ಹಾಸುಗಳನ್ನು ಜಗನ್ಮೋಹನ ಅರಮನೆಯಲ್ಲಿ ಈಗಲೂ ನೋಡಬಹುದು. ಇಂದು ಕುದುರೆಯ ಓಟ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಪಾಠದ ಲೆಕ್ಕ.

ಕೆಂಪೆಲೆನ್‌ನ ಗೊಂಬೆಯಂತಲ್ಲದೆ, ಒಳಗೆ ಯಾರೂ ಅಡಗಿರದೆ ನಿಜವಾಗಿ ಆಡಿದ ಮೊದಲ ಯಂತ್ರ ಸ್ಪೇನಿನ ಲಿಯೊನಾರ್ಡೊ ಟೊರೆಸ್ ಕ್ವೆವೆಡೊ 1912ರಲ್ಲಿ ಮಾಡಿದ್ದು. ರಾಜ ಮತ್ತು ಆನೆ ಇಟ್ಟುಕೊಂಡು ಎದುರಿನ ಒಂಟಿ ರಾಜನನ್ನು ಮೇಟ್ ಮಾಡುತ್ತಿತ್ತು. ಅಷ್ಟೇ ಬಲ್ಲದ್ದಾಗಿತ್ತು.

“ಫೋನ್ ನೋಡ್ಕೊಂಡು ಆಡಿದ್ರೆ ಯಾರಿಗೆ ಗೊತ್ತಾಗ್ತೈತೆ?”

ಕೆಂಪೆಲೆನ್ ಯಂತ್ರದೊಳಗೆ ಮನುಷ್ಯನನ್ನು ಬಚ್ಚಿಟ್ಟ. ನಮ್ಮ ಕಾಲಕ್ಕೆ ಅದು ತಿರುಗುಮುರುಗಾಗಿದೆ. 2021ರ ಜೂನ್ 13ರಂದು, ಕೋವಿಡ್ ಕಾಲದಲ್ಲಿ, ಬೆಂಗಳೂರಿನ ಅಕ್ಷಯ ಪಾತ್ರೆ ಸಂಸ್ಥೆಗೆ ದೇಣಿಗೆ ಸಂಗ್ರಹಿಸಲು ಆನಂದ್ ಹಲವು ಗಣ್ಯರೊಂದಿಗೆ ಆನ್‌ಲೈನಿನಲ್ಲಿ ಒಟ್ಟಿಗೇ ಆಡಿದರು. ಆಮಿರ್ ಖಾನ್ ಇದ್ದರು, ನಮ್ಮ ಕಿಚ್ಚ ಸುದೀಪ್ ಇದ್ದರು. ಎಲ್ಲರ ಮೇಲೂ ಆನಂದ್ ಗೆದ್ದು, ಜೆರೋಧಾ ಸಂಸ್ಥೆಯ ನಿಖಿಲ್ ಕಾಮತ್ ಎದುರು ಮಾತ್ರ ಸೋತರು. ಐದು ಬಾರಿಯ ವಿಶ್ವ ಚಾಂಪಿಯನ್ನನ್ನು ಬೆಂಗಳೂರಿನ ಉದ್ಯಮಿಯೊಬ್ಬರು ಸೋಲಿಸಿದ ಸುದ್ದಿಯ ಆಯುಷ್ಯ ಒಂದು ದಿನವೂ ಇರಲಿಲ್ಲ. ಚೆಸ್.ಕಾಮ್ ಜಾಲತಾಣ ಕಾಮತ್ ಅವರ ಖಾತೆಯನ್ನು ಮುಚ್ಚಿತು. ಕಾಮತ್ ಮರುದಿನವೇ, ಕಂಪ್ಯೂಟರಿನ ಮತ್ತು ಆಟ ವಿಶ್ಲೇಷಿಸುತ್ತಿದ್ದವರ ನೆರವು ಪಡೆದೆ ಎಂದು ಒಪ್ಪಿಕೊಂಡು ಕ್ಷಮೆ ಕೇಳಿದರು. ಮಣೆಯ ಮೇಲೆ ಕಂಡದ್ದನ್ನು ನಾನು ಆಡಿದೆ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂಬರ್ಥದಲ್ಲಿ ಆನಂದ್ ಒಂದು ಮಾತು ಬರೆದು ಸುಮ್ಮನಾದರು. ಖಾತೆಯನ್ನು ಮುಂದೆ ಮತ್ತೆ ತೆರೆದರು. ದಾನಕ್ಕೆಂದು ಆಡಿದ ಆಟದಲ್ಲೂ ಗೆಲ್ಲಲೇಬೇಕೆಂಬ ಹಟ ಯಾಕೆ ಬಂತೋ, ಅದನ್ನು ಎಂಜಿನ್ ವಿಶ್ಲೇಷಿಸಲಾರದು.

ಗೊತ್ತಾಗುವುದು ಹೇಗೆ? ಒಂದು ಒಳ್ಳೆಯ ನಡೆಯಿಂದಲ್ಲ. ಕೆನೆತ್ ರೀಗನ್ ಎಂಬ ಪ್ರಾಧ್ಯಾಪಕರು, ಸ್ವತಃ ಇಂಟರ್‌ನ್ಯಾಷನಲ್ ಮಾಸ್ಟರ್, ಇದಕ್ಕೊಂದು ಲೆಕ್ಕ ಕಟ್ಟಿದ್ದಾರೆ. ಇಂಥ ರೇಟಿಂಗ್‌ನ ಆಟಗಾರ ಎಂಜಿನ್ನಿನ ಮೊದಲ ಆಯ್ಕೆಯನ್ನು ಎಷ್ಟು ಸಲ ಆಡುವುದು ಸಹಜ, ತಪ್ಪಿದರೆ ಎಷ್ಟರಮಟ್ಟಿಗೆ ತಪ್ಪುವುದು ಸಹಜ ಎಂಬುದು ಲಕ್ಷಗಟ್ಟಲೆ ಆಟಗಳಿಂದ ಸಿಗುತ್ತದೆ. ಅದಕ್ಕಿಂತ ವಿಪರೀತ ಮೇಲೆ ಹೋದರೆ ಪ್ರಶ್ನೆ ಏಳುತ್ತದೆ. ಆನ್‌ಲೈನಿನಲ್ಲಿ ಪ್ರತಿ ನಡೆಗೆ ತೆಗೆದುಕೊಂಡ ಸಮಯವೂ ಬಾಯಿಬಿಡುತ್ತದೆ: ಎದುರಾಳಿ ಹೊಡೆದ ಕಾಯಿಯನ್ನು ತಿರುಗಿ ಹೊಡೆಯಲೂ ಎಂಟು ಸೆಕೆಂಡ್, ಕಡುಕಷ್ಟದ ನಡೆಗೂ ಎಂಟೇ ಸೆಕೆಂಡ್ ಎಂದರೆ ನಡುವೆ ಯಾರೋ ಇದ್ದಾರೆ ಎಂದರ್ಥ.

ಮಣೆಯ ಮೇಲಿನ ಆಟದಲ್ಲಿ ಹಿಡಿಯುವ ವಿಧಾನ ಇನ್ನೂ ಒರಟು. 2006ರಲ್ಲಿ ದೆಹಲಿಯ ಟೂರ್ನಿಯೊಂದರಲ್ಲಿ ಟೋಪಿಯೊಳಗೆ ಬ್ಲೂಟೂತ್ ಸಾಧನ ಹೊಲಿಸಿಕೊಂಡಿದ್ದ ಆಟಗಾರನೊಬ್ಬ ಸಿಕ್ಕಿಬಿದ್ದ. ಹತ್ತು ವರ್ಷ ನಿಷೇಧವಾಯಿತು. 2019ರಲ್ಲಿ ಫ್ರಾನ್ಸಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಒಬ್ಬರು ಶೌಚಾಲಯದಲ್ಲಿ ಫೋನ್ ಹಿಡಿದು ಕೂತಿದ್ದಾಗ ಸಿಕ್ಕರು. ತೀರ್ಪುಗಾರರ ಅನುಮತಿಯಿಲ್ಲದೆ ಆಟದ ಜಾಗದಲ್ಲಿ ಫೋನ್ ಇದ್ದರೆ ಬಳಸದಿದ್ದರೂ ಆಟ ಸೋತಂತೆ ಎಂಬುದು ವಿಶ್ವ ಚೆಸ್ ಸಂಸ್ಥೆ ಫಿಡೆಯ ಸಾಮಾನ್ಯ ನಿಯಮ. ಮಕ್ಕಳನ್ನು ಟೂರ್ನಿಗೆ ಕಳಿಸುವ ತಂದೆತಾಯಿ, ಅಲ್ಲಿಂದ ಫೋನ್ ಮಾಡಲಿ ಎಂದು ಜೇಬಿಗೆ ಹಳೆಯ ಸೆಟ್ ತುರುಕುವ ಮೊದಲು ಇದನ್ನು ತಿಳಿದಿರಬೇಕು.

“ಲ್ಯಾಪ್‌ಟಾಪ್ ಕೊಡಿಸ್ದೆ ಮಗು ಮೇಲಕ್ಕೆ ಬರಲ್ಲ”

ಹಾಲಿನ ಬಟವಾಡೆಯ ದುಡ್ಡಿನಲ್ಲಿ ಕಂತು ಕಟ್ಟಿ ಲ್ಯಾಪ್‌ಟಾಪ್ ಕೊಡಿಸಲು ಹೊರಟವರಿಗೆ ಒಂದು ಸಂಗತಿ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ 18ನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಚೆನ್ನೈನ ಡಿ. ಗುಕೇಶ್, 12 ವರ್ಷ ತುಂಬಿ ಕೆಲವೇ ತಿಂಗಳಿಗೆ ಗ್ರ್ಯಾಂಡ್‌ಮಾಸ್ಟರ್ ಆಗುವವರೆಗೂ ಎಂಜಿನ್ ಮುಟ್ಟಿರಲಿಲ್ಲ. ಕೋಚ್ ವಿಷ್ಣು ಪ್ರಸನ್ನ ಬೇಕೆಂದೇ ದೂರವಿಟ್ಟಿದ್ದರು. ಉತ್ತರ ಪಕ್ಕದಲ್ಲೇ ಇದ್ದರೆ ಹುಡುಗ ಲೆಕ್ಕ ಮಾಡುವುದನ್ನು ಬಿಡುತ್ತಾನೆ ಎಂಬುದು ಅವರ ಎಣಿಕೆ. ಮೇಲಿನ ಮಟ್ಟಕ್ಕೆ ಹೋದ ಮೇಲೆ ಎಂಜಿನ್ ಇಲ್ಲದೆ ಆಗುವುದಿಲ್ಲ, ಗುಕೇಶ್‌ಗೂ ಆಗಲಿಲ್ಲ. ಆದರೆ ಎಲ್ಲರ ದಾರಿಯೂ ಗುಕೇಶ್ ದಾರಿಯಾಗಬೇಕಿಲ್ಲ. ಆನಂದ್ ತಲೆಮಾರಿನವರೇ ಕಂಪ್ಯೂಟರಿನಲ್ಲಿ ಆಟಗಳ ದಾಖಲೆ ಇಟ್ಟುಕೊಂಡು ಬೆಳೆದವರು.

ಕಲಿಯುವ ಹಂತದಲ್ಲಿ ಬೇಕಾದ್ದು ಒಂದು ಮಣೆ, ಆಡಿದ ನಡೆಗಳನ್ನು ಬರೆದಿಡಲು ಒಂದು ನೋಟ್‌ಬುಕ್. ಸೋತ ಆಟವನ್ನು ಮನೆಗೆ ಬಂದು ಮತ್ತೆ ಹೂಡಿ, ಎಲ್ಲಿ ತಪ್ಪಿದೆ ಎಂದು ಹುಡುಗ ತಾನೇ ಗುರುತು ಹಾಕಲಿ. ಆಮೇಲೆ ಮನೆಯಲ್ಲಿರುವ ಫೋನಿನಲ್ಲೇ ಸ್ಟಾಕ್‌ಫಿಶ್ ಹಾಕಿ ತಾಳೆ ನೋಡಿದರೆ ಸಾಕು, ಬೇರೆ ಯಂತ್ರ ಬೇಕಿಲ್ಲ. ಎಂಜಿನ್ ಪರದೆಯ ಮೂಲೆಯಲ್ಲಿ 1.7 ಎಂದೋ 2.3 ಎಂದೋ ಅಂಕಿ ತೋರಿಸುತ್ತದೆ, ಕಾರಣ ಹೇಳುವುದಿಲ್ಲ. ಕಾರಣ ಬಿಡಿಸಿ ಹೇಳುವ ಮೇಷ್ಟ್ರೊಬ್ಬರು ಮಾಲೂರಿನಲ್ಲೋ ಕೋಲಾರದಲ್ಲೋ ಸಿಕ್ಕರೆ ಲ್ಯಾಪ್‌ಟಾಪಿನ ಕಂತಿನ ದುಡ್ಡು ಅವರ ಫೀಸಿಗೆ ಹೋಗಲಿ.